ಹಂದಿಗೂಡು ರೆಡಿ, ಈಗ ಮೇವಿನ ದುಡ್ಡಿನ ಲೆಕ್ಕ

ಏಪ್ರಿಲ್ ಮೂರನೇ ವಾರ.

ಗೂಡಿನ ನೆಲಕ್ಕೆ ಸಿಮೆಂಟ್ ಹಾಕಿ ಮುಗಿಯಿತು. ಕಂಬಕ್ಕೆ ತೋಟದ್ದೇ ಸಿಲ್ವರ್ ಓಕ್, ಮೇಲೆ ಹಳೇ ಶೀಟು. ಕಾಫಿ ಮಾರಿದ ದುಡ್ಡು ಇದಕ್ಕೂ ಮರಿ ತರುವುದಕ್ಕೂ ಸರಿಹೋಗುತ್ತದೆ. ಮೇವಿಗೆ, ಲಸಿಕೆಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಕೇಳಿದ್ದೇನೆ. ಬಡ್ಡಿ ವರ್ಷಕ್ಕೆ ಶೇ. 7, ಗಡುವಿನೊಳಗೆ ತೀರಿಸಿದರೆ ಶೇ. 4. ತೆಗೆದಷ್ಟಕ್ಕೇ ಬಡ್ಡಿ, ಹಾಗಾಗಿ ತಿಂಗಳು ತಿಂಗಳು ಬೇಕಾದಷ್ಟೇ ತೆಗೆಯುತ್ತೇನೆ.

ಹತ್ತು ಮರಿಯ ಲೆಕ್ಕ ಹಾಕಿ ನೋಡಿದೆ. ಎರಡು ತಿಂಗಳ ಯಾರ್ಕ್‌ಶೈರ್ ತಳಿಯ ಮರಿ ಒಂದಕ್ಕೆ 4,500 ಹೇಳಿದ್ದಾರೆ. 12 ಕೆಜಿ ಮರಿಯನ್ನು 85 ಕೆಜಿಗೆ ತರಬೇಕು. ಒಂದು ಕೆಜಿ ತೂಕ ಏರಲು ಮೂರೂವರೆ ಕೆಜಿ ಮೇವು ಅಂತ ಹಿಡಿದರೆ ಒಂದು ಹಂದಿಗೆ ಸುಮಾರು 255 ಕೆಜಿ. ಜೋಳ, ತೌಡು, ಹಿಂಡಿ, ಮಿನರಲ್ ಮಿಕ್ಸ್ ಸೇರಿ ಕೆಜಿಗೆ 30 ರೂಪಾಯಿ ಬೀಳುತ್ತದೆ. ಹತ್ತಕ್ಕೆ 76,500. ಲಸಿಕೆ, ಔಷಧಿಗೆ 3,500. ಜೀವಂತ ತೂಕಕ್ಕೆ ಕೆಜಿಗೆ 170 ಕೊಡ್ತೀನಿ ಅಂತ ಮಾಂಸದ ಅಂಗಡಿಯವರು ಹೇಳಿದ್ದಾರೆ. ಎಲ್ಲ ಕಳೆದರೆ ಉಳಿಯುವುದು 19,500, ಬಡ್ಡಿ ಕೊಟ್ಟ ಮೇಲೆ ಇನ್ನೂ ಕಮ್ಮಿ. ಕೊನೇ ತಿಂಗಳಲ್ಲಿ ಒಂದೇ ಒಂದು ಹಂದಿ ಸತ್ತರೆ 14,450 ಹೋಯಿತು! ಈ ಲೆಕ್ಕ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಕ್ಕದ ತೋಟದ ಅಣ್ಣ ಹೇಳಿದರು, "ಹೋಮ್‌ಸ್ಟೇಯವರ ಮುಸುರೆ ತಂದು ಹಾಕು ಮಾರಾಯ, ಮೇವಿನ ಖರ್ಚು ಅರ್ಧ ಆಗ್ತದೆ." ಮಾತು ನಿಜ. ಆದರೆ ಸರಿಯಾಗಿ ಕುದಿಸದ ಮುಸುರೆಯಲ್ಲಿ ಹಂದಿಮಾಂಸದ ಚೂರಿದ್ದರೆ ಆಫ್ರಿಕನ್ ಹಂದಿ ಜ್ವರ ಬರಬಹುದು. 2022ರ ಜುಲೈನಲ್ಲಿ ಇಲ್ಲೇ ಪಕ್ಕದ ವಯನಾಡಿನ ಮಾನಂದವಾಡಿಯಲ್ಲಿ ಆ ರೋಗ ಬಂದು ಹಂದಿಗಳನ್ನು ಕೊಲ್ಲಬೇಕಾಯಿತು. ಮಾಮೂಲಿ ಹಂದಿ ಜ್ವರಕ್ಕೆ ಲಸಿಕೆ ಇದೆ, ಆದರೆ ಅದು ಈ ಆಫ್ರಿಕನ್ ಜ್ವರವನ್ನು ತಡೆಯುವುದಿಲ್ಲ. ಹಾಗಾಗಿ ನಮ್ಮ ಗೂಡಿಗೆ ಮುಸುರೆ ಬೇಡ. ಬಾಗಿಲಲ್ಲಿ ಸುಣ್ಣ ಹಾಕುತ್ತೇನೆ, ಹೊರಗಿನವರ ಚಪ್ಪಲಿ ಒಳಗೆ ಬರಕೂಡದು.

ಮೊದಲ ಸಲಕ್ಕೆ ಆರೇ ಮರಿ ಅಂತ ತೀರ್ಮಾನ ಮಾಡಿದೆ. ಸಾಲವೂ ಕಮ್ಮಿ ಆಗುತ್ತದೆ. ಮೇ ಮೊದಲ ವಾರ ತಂದರೆ ನವೆಂಬರ್ ನಡುವಿಗೆ ತೂಕ ಬರಬೇಕು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್‌ಗೆ, ಅಂದರೆ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬಕ್ಕೆ ಆಗುವುದಿಲ್ಲ, ಸುಗ್ಗಿ ಹಬ್ಬ ಹುತ್ತರಿಗೆ ಸರಿಯಾಗಿ ಸಿಗುತ್ತವೆ. ಆಗ ಪಂದಿಕರಿ (ಹಂದಿಮಾಂಸದ ಸಾರು) ಮಾಡದ ಮನೆ ನಮ್ಮ ಕಡೆ ಅಪರೂಪ, ಅಲ್ವಾ.

ಚಿಂತೆ ಮಳೆಗಾಲದ್ದು. ಮರಿಗಳು ಚಿಕ್ಕದಾಗಿರುವಾಗಲೇ ಜೂನ್ ಬರುತ್ತದೆ. ಥಂಡಿ ಹಿಡಿದರೆ ಕಷ್ಟ. ಒಣಹುಲ್ಲು ಅಟ್ಟಕ್ಕೆ ಹಾಕಿಟ್ಟಿದ್ದೇನೆ. ಪಡುವಣ ಗಾಳಿ ಹೊಡೆಯುವ ಬದಿಗೆ ಟಾರ್ಪಾಲ್ ಕಟ್ಟುವುದು ಬಾಕಿ.