ಕಲ್ಲಿನೊಳಗೆ ಉಳಿದ ದಾರಿ

ಕಾರವಾರದ ಟಾಗೋರ್ ಕಡಲತೀರದಲ್ಲಿ ನೀರು ಇಳಿದ ಮೇಲೆ ಪುಟ್ಟ ಏಡಿಗಳು ಬಿಲದಿಂದ ಹೊರಬರುತ್ತವೆ. ಮರಳನ್ನು ಬಾಯಿಗೆ ಹಾಕಿ, ತಿನ್ನೋದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಬಿಡುತ್ತವೆ. ಮತ್ತೆ ನೀರು ಏರಿದರೆ ಎಲ್ಲ ಅಳಿಸಿಹೋಗುತ್ತದೆ.

ಆದರೆ ಎಲ್ಲ ಕಡೆಯೂ ಹಾಗಲ್ಲ. ಬ್ರೆಜಿಲ್‌ನ ಕೊರುಂಬಾ ಪ್ರದೇಶದ ಕಲ್ಲುಗಳಲ್ಲಿ 54 ಕೋಟಿ ವರ್ಷಕ್ಕೂ ಹಿಂದಿನ ಬಿಲಗಳು ಹಾಗೇ ಉಳಿದಿವೆ! ಕೊರೆದದ್ದು ಹುಳದಂಥ ಜೀವಿಗಳು ಎನ್ನುತ್ತಾರೆ ಸಂಶೋಧಕರು. ಅವುಗಳ ಮೈ ಸಿಕ್ಕಿಲ್ಲ, ಓಡಾಡಿದ ದಾರಿ ಮಾತ್ರ ಸಿಕ್ಕಿದೆ. ಬಿಲದ ಅಗಲ ಒಂದು ಮಿಲಿಮೀಟರ್ ಕೂಡ ಇಲ್ಲ, ಕೆಲವು ಬರೀ ಕೂದಲೆಳೆಯಷ್ಟು.

ಇಷ್ಟು ಸಣ್ಣದನ್ನು ನೋಡೋದು ಹೇಗೆ? ಕಲ್ಲು ಒಡೆದರೆ ಒಂದು ತುಂಡಷ್ಟೇ ಕಾಣುತ್ತದೆ, ಅದು ಎತ್ತ ತಿರುಗಿತು ಅನ್ನೋದು ಗೊತ್ತಾಗುವುದಿಲ್ಲ. ಅದಕ್ಕೇ ಎಕ್ಸ್‌ರೇ. ಕಲ್ಲನ್ನು ಚೂರು ಚೂರೇ ತಿರುಗಿಸುತ್ತಾ ಸಾಲು ಸಾಲು ಚಿತ್ರ ತೆಗೆಯುತ್ತಾರೆ. ಬಿಲದೊಳಗೆ ತುಂಬಿಕೊಂಡ ಖನಿಜ ಬೇರೆ, ಸುತ್ತಲಿನ ಕಲ್ಲು ಬೇರೆ. ಒಂದು ಎಕ್ಸ್‌ರೇಯನ್ನು ಜಾಸ್ತಿ ತಡೆಯುತ್ತದೆ, ಇನ್ನೊಂದು ಕಡಿಮೆ. ಆ ವ್ಯತ್ಯಾಸ ಹಿಡಿದು ಕಂಪ್ಯೂಟರ್ ಚಿತ್ರಗಳನ್ನೆಲ್ಲ ಜೋಡಿಸಿದರೆ ಇಡೀ ಬಿಲ ಮೂರು ಆಯಾಮದಲ್ಲಿ ಎದ್ದು ಬರುತ್ತದೆ. ಕಲ್ಲಿಗೆ ಒಂದು ಗೀರೂ ಬೀಳದೆ! ಈ ಬಿಲಗಳ ಸಂಶೋಧನೆ ಪ್ರಕಟವಾದದ್ದು 2017ರಲ್ಲಿ.

ಮಣ್ಣು ಸರಿಸಿ ಒಳಗೆ ನುಗ್ಗಬೇಕಾದರೆ ಸ್ನಾಯು ಬೇಕು ಅಲ್ವಾ? ಅಷ್ಟು ಹಿಂದೆಯೇ ಅದು ಇತ್ತು ಅನ್ನೋದಕ್ಕೆ ಈ ಬಿಲಗಳೇ ಸಾಕ್ಷಿ. ಡೈನೋಸಾರ್ ಮೂಳೆಗಿಂತ ನನಗೆ ಇದೇ ದೊಡ್ಡ ಸುದ್ದಿ.