ದಿನದ ಹಿಡಿತ ಯಾರ ಕೈಯಲ್ಲಿದೆ: ಶಾಲೆ, ಕಚೇರಿ ಮತ್ತು ಮನಸ್ಸಿನ ನೆಮ್ಮದಿ

ಶಾಲೆಯಲ್ಲಾಗಲಿ ಕಚೇರಿಯಲ್ಲಾಗಲಿ ಮಾನಸಿಕ ಆರೋಗ್ಯದ ಮಾತು ಬಂದಾಗ ಸಾಮಾನ್ಯವಾಗಿ ಏರ್ಪಾಡಾಗುವುದು ಒಂದೇ ಬಗೆಯ ಕಾರ್ಯಕ್ರಮ. ಹೊರಗಿನಿಂದ ತಜ್ಞರೊಬ್ಬರು ಬರುತ್ತಾರೆ. ಉಸಿರಾಟವನ್ನು ಗಮನಿಸುವುದು ಹೇಗೆ, ಸಿಟ್ಟನ್ನು ನಿಭಾಯಿಸುವುದು ಹೇಗೆ, ಸೋಲನ್ನು ಎದುರಿಸುವುದು ಹೇಗೆ ಎಂದು ಒಂದೆರಡು ಗಂಟೆ ಹೇಳಿಕೊಟ್ಟು ಹೋಗುತ್ತಾರೆ. ಇಂಥ ಹಲವು ಉಪನ್ಯಾಸಗಳಲ್ಲಿ ನಾನೂ ಕುಳಿತಿದ್ದೇನೆ, ಹೇಳಿದ ಮಾತುಗಳಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಉಪನ್ಯಾಸ ಮುಗಿದ ಮೇಲೆ ಎಲ್ಲರೂ ಮರಳುವುದು ಅದೇ ವೇಳಾಪಟ್ಟಿಗೆ, ಅದೇ ಮೇಲಧಿಕಾರಿಯ ಬಳಿಗೆ, ಅದೇ ತರಗತಿಗೆ. ಈ ವಿಷಯದ ಸಂಶೋಧನೆಗಳನ್ನು ಓದುತ್ತ ಹೋದಂತೆ ನನಗೆ ಖಚಿತವಾಗುತ್ತ ಬಂದಿರುವುದು ಇಷ್ಟು: ದಿನದ ಬಹುಪಾಲನ್ನು ಕಳೆಯುವ ಜಾಗದಲ್ಲಿ ಮನುಷ್ಯನ ನೆಮ್ಮದಿಯನ್ನು ಕಾಪಾಡುವುದರಲ್ಲಿ ಅವನ ಮನೋಬಲಕ್ಕಿಂತ, ಆ ದಿನದ ಮೇಲೆ ಅವನಿಗೆ ಎಷ್ಟು ಹಿಡಿತವಿದೆ ಎಂಬುದರ ಪಾತ್ರವೇ ಹೆಚ್ಚಿನದು.

ಇದಕ್ಕೆ ಗಟ್ಟಿಯಾದ ಆಧಾರ ಸಿಗುವುದು ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ ನಡೆದ ಎರಡು ದೀರ್ಘ ಅಧ್ಯಯನಗಳಲ್ಲಿ. ಲಂಡನ್ನಿನಲ್ಲಿ ಸರ್ಕಾರಿ ಇಲಾಖೆಗಳಿರುವ ಬೀದಿಯ ಹೆಸರಿನಿಂದ ಇವನ್ನು ವೈಟ್‌ಹಾಲ್ ಅಧ್ಯಯನಗಳೆಂದು ಕರೆಯುತ್ತಾರೆ. 1967ರಲ್ಲಿ ಆರಂಭವಾದ ಮೊದಲನೆಯದರಲ್ಲಿ ಸುಮಾರು 18,000 ಪುರುಷ ನೌಕರರಿದ್ದರು. ಅವರೆಲ್ಲರದೂ ಭದ್ರವಾದ ಕೆಲಸ. ಗಣಿಯ ದೂಳಾಗಲಿ ಕಾರ್ಖಾನೆಯ ಯಂತ್ರಗಳ ಅಪಾಯವಾಗಲಿ ಅಲ್ಲಿರಲಿಲ್ಲ, ಕಾಯಿಲೆ ಬಿದ್ದರೆ ಸರ್ಕಾರಿ ಆರೋಗ್ಯ ಸೇವೆ ಎಲ್ಲರಿಗೂ ಸಮನಾಗಿ ಸಿಗುತ್ತಿತ್ತು. ದೊಡ್ಡ ಜವಾಬ್ದಾರಿ ಹೊತ್ತ ಹಿರಿಯ ಅಧಿಕಾರಿಗಳಿಗೇ ಒತ್ತಡ ಹೆಚ್ಚು, ಆದ್ದರಿಂದ ಹೃದಯಾಘಾತವೂ ಅವರಿಗೇ ಹೆಚ್ಚು ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ಫಲಿತಾಂಶ ಇದಕ್ಕೆ ತಿರುವುಮುರುವಾಗಿ ಬಂತು. ಅತ್ಯಂತ ಕೆಳಗಿನ ದರ್ಜೆಯ ನೌಕರರು ಹೃದಯರೋಗದಿಂದ ಸಾಯುವ ಪ್ರಮಾಣ ಅತ್ಯಂತ ಮೇಲಿನ ದರ್ಜೆಯವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಇದು ತುದಿಯಲ್ಲಿದ್ದವರಿಗೂ ಬುಡದಲ್ಲಿದ್ದವರಿಗೂ ನಡುವಿನ ಕಂದಕ ಮಾತ್ರವಾಗಿರದೆ ಪ್ರತಿ ಮೆಟ್ಟಿಲಿನಲ್ಲೂ ಕಾಣಿಸುವ ಏರಿಳಿತವಾಗಿತ್ತು: ಮೇಲಿನಿಂದ ಎರಡನೆಯ ದರ್ಜೆಯವರ ಆರೋಗ್ಯ ಕೂಡ ಮೊದಲನೆಯ ದರ್ಜೆಯವರಷ್ಟು ಚೆನ್ನಾಗಿರಲಿಲ್ಲ. ಧೂಮಪಾನ, ರಕ್ತದೊತ್ತಡ, ಕೊಲೆಸ್ಟರಾಲ್ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೂ ಅಂತರದ ಒಂದು ಭಾಗವಷ್ಟೇ ಅರ್ಥವಾಗುತ್ತಿತ್ತು.

ಉಳಿದ ಭಾಗವನ್ನು ಹುಡುಕಲು ಆರೋಗ್ಯ ಸಂಶೋಧಕ ಮೈಕೆಲ್ ಮಾರ್ಮಟ್ ಮತ್ತು ಅವರ ಸಹೋದ್ಯೋಗಿಗಳು 1985ರಲ್ಲಿ ಎರಡನೆಯ ಅಧ್ಯಯನವನ್ನು ಆರಂಭಿಸಿದರು. ಈ ಸಲ 35ರಿಂದ 55 ವಯಸ್ಸಿನ 10,308 ಮಂದಿ ಸೇರಿದ್ದರು, ಮಹಿಳೆಯರೂ ಇದ್ದರು. ನಿಮ್ಮ ಕೆಲಸವನ್ನು ಹೇಗೆ ಮಾಡಬೇಕೆಂದು ನೀವೇ ತೀರ್ಮಾನಿಸಬಹುದೇ, ವಿರಾಮ ಯಾವಾಗ ಎಂದು ನೀವೇ ಹೇಳಬಹುದೇ, ನಿಮ್ಮ ಕೌಶಲಕ್ಕೆ ಇಲ್ಲಿ ಕೆಲಸವಿದೆಯೇ ಎಂಬಂಥ ಸರಳ ಪ್ರಶ್ನೆಗಳು ಅದರಲ್ಲಿದ್ದವು. ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದವರಲ್ಲಿ ಮುಂದೆ ಹೃದಯರೋಗ ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂದೂ, ದರ್ಜೆಗಳ ನಡುವಿನ ಅಂತರದಲ್ಲಿ ಗಣನೀಯ ಪಾಲು ಇದರಿಂದಲೇ ವಿವರಿಸಬಹುದಾದದ್ದೆಂದೂ 1997ರ ಹೊತ್ತಿಗೆ ಅವರು ಬರೆದರು. ಮನಸ್ಸಿನ ವಿಷಯ ಮಾತನಾಡುವಾಗ ಹೃದಯದ ಲೆಕ್ಕ ಯಾಕೆ ಎಂದು ಯಾರಾದರೂ ಕೇಳಬಹುದು. ಮನಸ್ಸಿನ ಒತ್ತಡ ದೇಹದ ಮೇಲೆ ಬರೆದಿಟ್ಟ ಲೆಕ್ಕವನ್ನು ಯಾವ ಆಡಳಿತ ಮಂಡಳಿಯೂ ನಿಮ್ಮ ಸ್ವಭಾವದ ದೋಷ ಎಂದು ತಳ್ಳಿಹಾಕಲಾಗುವುದಿಲ್ಲ ಎಂಬುದೇ ನನ್ನ ಉತ್ತರ.

ಇದಕ್ಕೆ ಸಿದ್ಧಾಂತದ ಚೌಕಟ್ಟು ಮೊದಲೇ ಇತ್ತು. 1979ರಲ್ಲಿ ರಾಬರ್ಟ್ ಕರಾಸೆಕ್ ಅವರು, ಕೆಲಸದ ಹೊರೆ ಮತ್ತು ತೀರ್ಮಾನದ ಸ್ವಾತಂತ್ರ್ಯ ಎಂಬ ಎರಡು ಅಂಶಗಳನ್ನು ಒಟ್ಟಿಗೆ ಇಟ್ಟು ನೋಡದ ಹೊರತು ಒತ್ತಡ ಅರ್ಥವಾಗುವುದಿಲ್ಲವೆಂದು ತೋರಿಸಿದರು. ಹೊರೆ ಹೆಚ್ಚಿದ್ದು ಸ್ವಾತಂತ್ರ್ಯವೂ ಹೆಚ್ಚಿರುವ ಕೆಲಸದಲ್ಲಿ ಮನುಷ್ಯ ದಣಿದರೂ ಬೆಳೆಯುತ್ತಾನೆ. ಹೊರೆ ಹೆಚ್ಚಿದ್ದು ಸ್ವಾತಂತ್ರ್ಯ ಇಲ್ಲದ ಕೆಲಸದಲ್ಲಿ ಕುಗ್ಗುತ್ತಾನೆ. ಶಸ್ತ್ರಚಿಕಿತ್ಸಕರಿಗಿಂತ ಕಾಲ್ ಸೆಂಟರ್ ನೌಕರರ ದಿನ ಮನಸ್ಸಿಗೆ ಭಾರವಾಗಬಹುದಾದದ್ದು ಹೀಗೆ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ ಅವರು 1996ರಲ್ಲಿ ಇದಕ್ಕೆ ಇನ್ನೊಂದು ಅಂಶವನ್ನು ಸೇರಿಸಿದರು: ಪಟ್ಟ ಶ್ರಮಕ್ಕೂ ದೊರೆತ ಸಂಬಳ, ಮನ್ನಣೆ, ಭದ್ರತೆಗಳಿಗೂ ತಾಳೆಯಾಗದಿದ್ದರೆ ಆ ಅನ್ಯಾಯದ ಭಾವವೇ ಒಂದು ದೀರ್ಘಕಾಲದ ಒತ್ತಡ.

ಈ ಚೌಕಟ್ಟನ್ನು ಶಾಲೆಗೆ ಹಿಡಿದು ನೋಡಿದವರು ಕಡಿಮೆ, ನೋಡಿದರೆ ಇರುಸುಮುರುಸಾಗುತ್ತದೆ. ವಿದ್ಯಾರ್ಥಿಯ ದಿನ ಎಂಬುದು ಹೊರೆ ಹೆಚ್ಚಿರುವ, ತೀರ್ಮಾನದ ಸ್ವಾತಂತ್ರ್ಯ ಬಹುತೇಕ ಇಲ್ಲದ ದಿನ. ಏನು ಕಲಿಯಬೇಕು, ಎಷ್ಟು ಹೊತ್ತು ಕಲಿಯಬೇಕು, ಯಾರ ಪಕ್ಕದಲ್ಲಿ ಕೂರಬೇಕು, ಯಾವಾಗ ಎದ್ದು ಹೋಗಬಹುದು ಎಂಬುದೆಲ್ಲವನ್ನೂ ಬೇರೆಯವರು ತೀರ್ಮಾನಿಸಿರುತ್ತಾರೆ. ಕೆಲಸದ ಗುಣಮಟ್ಟವನ್ನು ಅಳೆದು ಎಲ್ಲರೆದುರು ಪ್ರಕಟಿಸುವ ಪದ್ಧತಿಯೂ ಇರುತ್ತದೆ. ವಯಸ್ಕನೊಬ್ಬನ ಉದ್ಯೋಗವನ್ನು ಹೀಗೆ ವಿನ್ಯಾಸ ಮಾಡಿದರೆ ಅವನು ಬಿಟ್ಟು ಬೇರೆ ಕೆಲಸ ಹುಡುಕಬಹುದು, ಮಗುವಿಗೆ ಅದೂ ಸಾಧ್ಯವಿಲ್ಲ. ಮಕ್ಕಳಿಗೆ ಕಟ್ಟುಪಾಡು ಬೇಡವೆಂದು ನಾನು ಹೇಳುತ್ತಿಲ್ಲ. ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿರುವ ದಿನಚರಿ ಮಗುವಿಗೆ ನೆಮ್ಮದಿಯನ್ನೇ ಕೊಡುತ್ತದೆ. ಆದರೆ ಆ ಕಟ್ಟುಪಾಡಿನೊಳಗೆ ಅದರ ಮಾತಿಗೆ ಒಂದಿಷ್ಟೂ ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ.

ಇಲ್ಲಿ ಮನಶ್ಶಾಸ್ತ್ರದ ಒಂದು ಹಳೆಯ ತೀರ್ಮಾನ ತಲೆಕೆಳಗಾದ ಕಥೆಯನ್ನು ಹೇಳಬೇಕು. 1967ರಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಅವರು, ತಪ್ಪಿಸಿಕೊಳ್ಳಲಾಗದ ಆಘಾತಕ್ಕೆ ಒಳಗಾದ ನಾಯಿಗಳು ಮುಂದೆ ತಪ್ಪಿಸಿಕೊಳ್ಳುವ ಅವಕಾಶವಿದ್ದಾಗಲೂ ಸುಮ್ಮನೆ ಬಿದ್ದಿರುವುದನ್ನು ತೋರಿಸಿ, ಅಸಹಾಯಕತೆಯನ್ನು ಪ್ರಾಣಿಗಳು ಕಲಿಯುತ್ತವೆ ಎಂದಿದ್ದರು. ಮೆದುಳಿನ ಮೇಲೆ ದಶಕಗಳ ಸಂಶೋಧನೆ ನಡೆದ ಬಳಿಕ 2016ರಲ್ಲಿ ಅದೇ ಇಬ್ಬರು ತಮ್ಮ ಹಳೆಯ ವಿವರಣೆಯನ್ನು ತಾವೇ ತಿದ್ದಿದರು. ದೀರ್ಘ ಸಂಕಟಕ್ಕೆ ಸಿಕ್ಕಿದ ಪ್ರಾಣಿ ಸುಮ್ಮನಾಗುವುದು ಕಲಿಕೆಯಲ್ಲ, ಅದು ಸಹಜ ಪ್ರತಿಕ್ರಿಯೆ. ಕಲಿಯಬೇಕಾಗಿರುವುದು, ನನ್ನ ಪ್ರಯತ್ನದಿಂದ ಪರಿಸ್ಥಿತಿ ಬದಲಾಗುತ್ತದೆ ಎಂಬುದನ್ನು. ಪ್ರಾಣಿಗಳ ಪ್ರಯೋಗವನ್ನು ನೇರವಾಗಿ ತರಗತಿಗೆ ತಂದು ಕೂರಿಸುವುದು ಅವಸರದ ಕೆಲಸ ಎಂಬುದು ನನಗೆ ಗೊತ್ತು. ಹಾಗಿದ್ದರೂ, ತನ್ನ ಮಾತಿನಿಂದ ಏನೋ ಒಂದು ಬದಲಾಯಿತು ಎಂಬ ಅನುಭವವನ್ನು ಶಾಲೆಯಲ್ಲಿ ಎಂದೂ ಪಡೆಯದ ಮಗು ದೊಡ್ಡವನಾಗಿ ಕಚೇರಿಗೆ ಸೇರಿದಾಗ, ಮೀಟಿಂಗಿನಲ್ಲಿ ಅವನು ಯಾಕೆ ಬಾಯಿ ಬಿಡುವುದಿಲ್ಲ ಎಂದು ಮ್ಯಾನೇಜರ್ ಆಶ್ಚರ್ಯಪಡುವುದರಲ್ಲಿ ಅರ್ಥವಿಲ್ಲ.

ಅಂಕಗಳ ವಿಷಯವೂ ಇದಕ್ಕೆ ಸೇರಿದ್ದೇ. ಇಸ್ರೇಲಿನ ರೂತ್ ಬಟ್ಲರ್ ಅವರು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಮಕ್ಕಳಿಗೆ ಅವರ ಕೆಲಸದ ಬಗ್ಗೆ ಟಿಪ್ಪಣಿಯನ್ನಷ್ಟೇ ಬರೆದುಕೊಟ್ಟರು, ಕೆಲವರಿಗೆ ಅಂಕವನ್ನಷ್ಟೇ ಕೊಟ್ಟರು, ಇನ್ನು ಕೆಲವರಿಗೆ ಎರಡನ್ನೂ. ಆಸಕ್ತಿ ಉಳಿದದ್ದು ಟಿಪ್ಪಣಿಯಷ್ಟೇ ಪಡೆದವರಲ್ಲಿ. ಎರಡನ್ನೂ ಪಡೆದವರ ಸ್ಥಿತಿ ಅಂಕವಷ್ಟೇ ಪಡೆದವರಂತೆಯೇ ಇತ್ತು. ಅಂದರೆ ಪಕ್ಕದಲ್ಲಿ ಅಂಕ ಇದ್ದುಬಿಟ್ಟರೆ ಟಿಪ್ಪಣಿಯ ಲಾಭವೂ ಕರಗಿಹೋಗುತ್ತಿತ್ತು. ಕಚೇರಿಗಳ ವಾರ್ಷಿಕ ಮೌಲ್ಯಮಾಪನದಲ್ಲಿ ರೇಟಿಂಗಿನ ಕೆಳಗೆ ಮೇಲಧಿಕಾರಿ ಶ್ರಮವಹಿಸಿ ಬರೆದ ಸಾಲುಗಳನ್ನು ಎಷ್ಟು ಮಂದಿ ಓದುತ್ತಾರೆ ಎಂಬುದನ್ನು ನೆನೆದರೆ ಈ ಫಲಿತಾಂಶ ಮಕ್ಕಳಿಗಷ್ಟೇ ಸೀಮಿತವಲ್ಲ ಅನ್ನಿಸುತ್ತದೆ.

ಶಾಲೆಯೆಂದರೆ ಕಲಿಯುವ ಜಾಗವೆಂದು ಮಾತ್ರ ನೋಡಿದಾಗ ಮರೆತುಹೋಗುವ ಇನ್ನೊಂದು ಸಂಗತಿ, ಅದು ಶಿಕ್ಷಕರ ಉದ್ಯೋಗಸ್ಥಳವೂ ಹೌದು ಎಂಬುದು. ಕೆನಡಾದ ಪ್ರಾಥಮಿಕ ಶಾಲೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳ ಜೊಲ್ಲಿನಲ್ಲಿರುವ, ಒತ್ತಡದಲ್ಲಿ ಹೆಚ್ಚುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆದು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಬಸವಳಿಯುವುದು, ಹೆಚ್ಚೆಂದು ಹೇಳಿಕೊಂಡ ಶಿಕ್ಷಕರ ತರಗತಿಯ ಮಕ್ಕಳಲ್ಲಿ ಬೆಳಗಿನ ಕಾರ್ಟಿಸಾಲ್ ಮಟ್ಟವೂ ಹೆಚ್ಚಿತ್ತು. ದಣಿದ ಶಿಕ್ಷಕರಿಂದ ಮಕ್ಕಳಿಗೆ ಒತ್ತಡ ಬಂತೋ, ಒತ್ತಡದಲ್ಲಿರುವ ಮಕ್ಕಳಿಂದ ಶಿಕ್ಷಕರು ದಣಿದರೋ ಎಂಬುದನ್ನು ಈ ಬಗೆಯ ಅಧ್ಯಯನ ಬಿಡಿಸಿ ಹೇಳಲಾರದು. ಎರಡೂ ಇರಬಹುದು. ಶಿಕ್ಷಕರ ಮೇಲೆ ವರದಿ, ಸಮೀಕ್ಷೆ, ಫಲಿತಾಂಶದ ಗುರಿಗಳನ್ನು ಹೇರುತ್ತ, ಅವರು ಪಾಠ ಮಾಡುವ ಕ್ರಮವನ್ನೂ ಮೇಲಿನಿಂದಲೇ ನಿರ್ದೇಶಿಸುತ್ತ, ಮಕ್ಕಳ ನೆಮ್ಮದಿಗೆಂದು ಪ್ರತ್ಯೇಕ ಯೋಜನೆ ರೂಪಿಸುವುದು ಮಾತ್ರ ವಿಚಿತ್ರವಾಗಿ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಯೆಂದು ಪಟ್ಟಿ ಮಾಡಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಹೇಳಿದೆ. ಬಳಲಿಕೆ, ಕೆಲಸದ ಬಗ್ಗೆ ತಾತ್ಸಾರ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ ಇವು ಅದರ ಮೂರು ಲಕ್ಷಣಗಳು. ಕಾಯಿಲೆಯಲ್ಲ ಎಂದಿದ್ದನ್ನು ಕೆಲವರು ಹಗುರಗೊಳಿಸುವಿಕೆ ಎಂದು ಭಾವಿಸುತ್ತಾರೆ. ನನಗೆ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ, ಏಕೆಂದರೆ ಅದು ಬೆರಳನ್ನು ವ್ಯಕ್ತಿಯಿಂದ ಕೆಲಸದ ಸ್ಥಳದ ಕಡೆಗೆ ತಿರುಗಿಸುತ್ತದೆ. ಕೊರತೆಯೊಂದಿದೆ: ಈ ವಿವರಣೆ ಉದ್ಯೋಗಕ್ಕೆ ಮಾತ್ರ ಅನ್ವಯ. ಫಿನ್ಲೆಂಡಿನ ಕತಾರಿನಾ ಸಾಲ್ಮೆಲಾ-ಆರೋ ಮತ್ತು ಸಹೋದ್ಯೋಗಿಗಳು ಇದೇ ಮೂರು ಲಕ್ಷಣಗಳನ್ನು ವಿದ್ಯಾರ್ಥಿಗಳಲ್ಲಿ ಅಳೆಯುವ ಪ್ರಶ್ನಾವಳಿಯನ್ನು 2009ರಲ್ಲಿ ಪ್ರಕಟಿಸಿದ್ದಾರೆ, ಅದನ್ನು ಹಲವು ದೇಶಗಳಲ್ಲಿ ಬಳಸುತ್ತಲೂ ಇದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಕೆಲಸವೇ ಮನಸ್ಸಿನ ಶತ್ರು ಎಂಬ ಅಭಿಪ್ರಾಯ ಬರಬಾರದು. 1930ರ ದಶಕದ ಆರಂಭದಲ್ಲಿ ಆಸ್ಟ್ರಿಯಾದ ಮರೀನ್‌ಟಾಲ್ ಎಂಬ ಹಳ್ಳಿಯ ಜವಳಿ ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಕ್ಕೆ ಬಿದ್ದಾಗ ಅಲ್ಲಿಗೆ ಹೋದ ಮರೀ ಯಹೋಡಾ ಮತ್ತು ಸಂಗಡಿಗರು ಕಂಡದ್ದು, ಬಿಡುವು ಹೆಚ್ಚಿದಂತೆ ಜನ ವಾಚನಾಲಯದಿಂದ ಪುಸ್ತಕ ಪಡೆಯುವುದೂ ಕಡಿಮೆಯಾದದ್ದನ್ನು, ರಸ್ತೆಯಲ್ಲಿ ಗಂಡಸರ ನಡಿಗೆಯೇ ನಿಧಾನವಾದದ್ದನ್ನು. ಸಂಬಳದ ಜೊತೆಗೆ ಕೆಲಸವು ದಿನಕ್ಕೊಂದು ಆಕಾರ, ಮನೆಯಾಚೆಯ ಒಡನಾಟ, ಸ್ಥಾನಮಾನ, ಒಂದು ಸಾಮೂಹಿಕ ಉದ್ದೇಶ ಇವನ್ನೂ ಕೊಡುತ್ತದೆ ಎಂದು ಯಹೋಡಾ ಮುಂದೆ ವಾದಿಸಿದರು. ಶಾಲೆಯೂ ಮಕ್ಕಳಿಗೆ ಇದನ್ನೇ ಕೊಡುತ್ತದೆ. ಹಾಗೆಯೇ, ಎಲ್ಲ ಸಂಕಟವೂ ವ್ಯವಸ್ಥೆಯಿಂದ ಹುಟ್ಟಿದ್ದಲ್ಲ. ಮಾನಸಿಕ ಕಾಯಿಲೆಗಳಲ್ಲಿ ಮೂರನೆಯ ಒಂದು ಭಾಗ 14ನೆಯ ವಯಸ್ಸಿನೊಳಗೆ, ಅರ್ಧದಷ್ಟು 18ನೆಯ ವಯಸ್ಸಿನೊಳಗೆ ಶುರುವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ತೀವ್ರ ಖಿನ್ನತೆಗೆ ವೈದ್ಯರು ಮತ್ತು ಚಿಕಿತ್ಸೆ ಬೇಕು, ವೇಳಾಪಟ್ಟಿಯ ತಿದ್ದುಪಡಿ ಅದಕ್ಕೆ ಮದ್ದಲ್ಲ.

ಹಾಗಾದರೆ ಮೊದಲಲ್ಲಿ ಹೇಳಿದ ಆ ಉಪನ್ಯಾಸಗಳಿಂದ ಏನಾಗಿದೆ? ಬ್ರಿಟನ್ನಿನಲ್ಲಿ ಸುಮಾರು 85 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡ ಮಿರಿಯಡ್ ಪ್ರಯೋಗದಲ್ಲಿ, ಶಿಕ್ಷಕರಿಂದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನವಿಡುವ ಅಭ್ಯಾಸ) ಪಾಠಗಳನ್ನು ಹೇಳಿಸಿದಾಗ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದಲ್ಲಿ, ಎಂದಿನ ಪಾಠಗಳಿಗಿಂತ ಹೆಚ್ಚಿನ ಸುಧಾರಣೆ ಕಾಣಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ಪರಿಶೀಲಿಸಿ ವಿಲಿಯಂ ಫ್ಲೆಮಿಂಗ್ ಅವರು 2024ರಲ್ಲಿ ಪ್ರಕಟಿಸಿದ ಲೇಖನವೂ ಹೆಚ್ಚುಕಡಿಮೆ ಇದನ್ನೇ ಹೇಳಿತು: ಒತ್ತಡ ನಿರ್ವಹಣೆಯ ತರಬೇತಿ, ನೆಮ್ಮದಿಯ ಆ್ಯಪ್ ಮುಂತಾದವುಗಳಲ್ಲಿ ಪಾಲ್ಗೊಂಡವರ ಸ್ಥಿತಿ ಪಾಲ್ಗೊಳ್ಳದವರಿಗಿಂತ ಉತ್ತಮವಾಗಿರಲಿಲ್ಲ. ಇದಕ್ಕೆ ಪ್ರತಿಯಾಗಿ, ಇಂಗ್ಲೆಂಡಿನ 40 ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಕ್ಕಳನ್ನೂ ಸಿಬ್ಬಂದಿಯನ್ನೂ ಒಂದೇ ಸಮಿತಿಯಲ್ಲಿ ಕೂರಿಸಿ ಶಾಲೆಯ ನಿಯಮಗಳನ್ನು ಅವರಿಂದಲೇ ಮರುಪರಿಶೀಲನೆ ಮಾಡಿಸಿ, ಶಿಕ್ಷೆಗೆ ಬದಲು ಮಾತುಕತೆಯಿಂದ ಜಗಳ ಬಗೆಹರಿಸುವ ಕ್ರಮವನ್ನು ತಂದಾಗ, ಮೂರು ವರ್ಷಗಳ ಬಳಿಕ ಕಿರುಕುಳಕ್ಕೆ ಒಳಗಾಗುವುದು ಕಡಿಮೆಯಾಗಿ ಮಕ್ಕಳ ಮಾನಸಿಕ ನೆಮ್ಮದಿ ಸುಧಾರಿಸಿತ್ತು. ಪರಿಣಾಮ ಚಿಕ್ಕದೇ, ಆದರೆ ಇತ್ತು.

ಉದ್ಯೋಗಸ್ಥಳದಲ್ಲಿ ಇದಕ್ಕೆ ಹೋಲುವ ಪ್ರಯೋಗವನ್ನು ಅಮೆರಿಕದ ದೊಡ್ಡ ಕಂಪನಿಯೊಂದರ ಐಟಿ ವಿಭಾಗದಲ್ಲಿ ಎರಿನ್ ಕೆಲ್ಲಿ, ಫಿಲಿಸ್ ಮೋಯನ್ ಮತ್ತು ಸಂಗಡಿಗರು ನಡೆಸಿದರು. ಕೆಲವು ತಂಡಗಳಿಗೆ ಎಲ್ಲಿ, ಯಾವ ಹೊತ್ತಿನಲ್ಲಿ ಕೆಲಸ ಮಾಡಬೇಕು, ಯಾವ ಮೀಟಿಂಗ್ ಬೇಕು, ಯಾವುದು ಬೇಡ ಎಂಬುದನ್ನು ತಾವೇ ಕೂತು ತೀರ್ಮಾನಿಸುವ ಅವಕಾಶ ಕೊಟ್ಟರು. ಅವರ ಮೇಲಿನವರಿಗೆ ನೌಕರರ ಮನೆಯ ಬದುಕನ್ನೂ ಗೌರವಿಸುವ ಬಗ್ಗೆ ತರಬೇತಿ ಕೊಟ್ಟರು. ಎಂದಿನಂತೆ ಮುಂದುವರಿದ ತಂಡಗಳಿಗೆ ಹೋಲಿಸಿದರೆ ಈ ತಂಡಗಳಲ್ಲಿ ಬರ್ನ್‌ಔಟ್ ಮತ್ತು ಮಾನಸಿಕ ಸಂಕಟ ಕಡಿಮೆಯಾಗಿ ಕೆಲಸದ ಬಗೆಗಿನ ತೃಪ್ತಿ ಹೆಚ್ಚಿತು. ಅಷ್ಟರಲ್ಲಿ ಕಂಪನಿ ಇನ್ನೊಂದು ಸಂಸ್ಥೆಯೊಂದಿಗೆ ವಿಲೀನವಾಯಿತು, ಹೊಸ ಆಡಳಿತ ಆ ವ್ಯವಸ್ಥೆಯನ್ನೇ ನಿಲ್ಲಿಸಿತು. ಹಿಡಿತವನ್ನು ಮೇಲಿನವರ ಔದಾರ್ಯವಾಗಿ ಕೊಟ್ಟಾಗ ಹೀಗಾಗುವುದು ಅನಿರೀಕ್ಷಿತವೇನಲ್ಲ. 2017ರ ಜನವರಿಯಿಂದ ಫ್ರಾನ್ಸಿನಲ್ಲಿ ಜಾರಿಯಲ್ಲಿರುವ ಕಾನೂನು, ಕೆಲಸದ ಅವಧಿಯ ಆಚೆಗೆ ಇಮೇಲ್, ಫೋನುಗಳಿಂದ ದೂರವಿರುವ ಹಕ್ಕಿನ ಬಗ್ಗೆ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ನೌಕರರ ಪ್ರತಿನಿಧಿಗಳೊಂದಿಗೆ ಮಾತುಕತೆ ನಡೆಸಲೇಬೇಕೆಂದು ಹೇಳುತ್ತದೆ. ಎಷ್ಟು ಗಂಟೆಗೆ ಫೋನು ಆರಿಸಬೇಕೆಂಬುದನ್ನು ಅದು ಗೊತ್ತುಮಾಡುವುದಿಲ್ಲ, ಅದನ್ನು ಆಯಾ ಸಂಸ್ಥೆಯವರೇ ಒಟ್ಟಿಗೆ ಕೂತು ತೀರ್ಮಾನಿಸಬೇಕು.