ಗಲೀನಾ: ಮೇಲಿನಿಂದ ಕೆಳಕ್ಕೆ ನೋಡಬೇಕಾದ ಊರು

ಶಿಕಾಗೋ ಸುತ್ತಮುತ್ತ ಇರುವ ಕನ್ನಡದವರ ಮನೆಗೆ ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದರೆ ಮೊದಲ ಎರಡು ವಾರ ತೊಂದರೆ ಇಲ್ಲ. ಡೌನ್‌ಟೌನ್ ಆಯಿತು, ಲೇಕ್ ಆಯಿತು, ದೇವಸ್ಥಾನ ಆಯಿತು. ಆಮೇಲೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನುವ ಪ್ರಶ್ನೆ ಬರುತ್ತದೆ. ಹಾಗೆ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಗಲೀನಾಗೆ ಹೋಗಿ ಬನ್ನಿ. ನಾನು ಎರಡು ಸಲ ಹೋಗಿ ಬಂದೆ. ಮೊದಲ ಸಲ ತಪ್ಪಾಗಿ ನೋಡಿದೆ, ಎರಡನೇ ಸಲ ಅತ್ತೆ ಮಾವನ ಜೊತೆ ಸರಿಯಾಗಿ ನೋಡಿದೆ.

ಗಲೀನಾ ಇರುವುದು ಇಲಿನಾಯ್ ರಾಜ್ಯದ ವಾಯವ್ಯ ಮೂಲೆಯಲ್ಲಿ. ಶಿಕಾಗೋದಿಂದ ಸುಮಾರು 165 ಮೈಲಿ, ಕಾರಿನಲ್ಲಿ ಮೂರು ಗಂಟೆ. ಜೋ ಡೇವಿಸ್ ಕೌಂಟಿಯ ಮುಖ್ಯ ಊರು ಇದು. ನಮ್ಮ ಜಿಲ್ಲಾ ಕೇಂದ್ರ ಇದ್ದ ಹಾಗೆ ಅಂದುಕೊಳ್ಳಿ, ಆದರೆ ಜನ ಮೂರು ಸಾವಿರದ ಚಿಲ್ಲರೆ ಅಷ್ಟೇ. ಊರಿನ ಬಹುಪಾಲು ಐತಿಹಾಸಿಕ ಪ್ರದೇಶವೆಂದು 1969ರಿಂದಲೇ ರಾಷ್ಟ್ರೀಯ ಪಟ್ಟಿಯಲ್ಲಿದೆ.

ಇಲ್ಲಿ ಸೀಸದ ಗಣಿಗಳಿದ್ದವು. ಗಲೀನಾ ಅನ್ನುವುದೇ ಸೀಸದ ಅದಿರಿನ ಹೆಸರು. ಬಿಳಿಯರು ಬರುವ ಮೊದಲೇ ಇಲ್ಲಿಯ ಮೂಲ ಜನರು ಆ ಅದಿರನ್ನು ಅಗೆದು ತೆಗೆಯುತ್ತಿದ್ದರು. 1826ರಲ್ಲಿ ಊರು ಕಟ್ಟಿದ ಮೇಲೆ ಗಣಿ ಜೋರಾಯಿತು. 1840ರ ದಶಕದಲ್ಲಿ ಅಮೆರಿಕದ ಸೀಸದಲ್ಲಿ ದೊಡ್ಡ ಪಾಲು ಈ ಸುತ್ತಿನಿಂದಲೇ ಹೋಗುತ್ತಿತ್ತು. ಮಿಸಿಸಿಪ್ಪಿಯಿಂದ ಉಗಿದೋಣಿಗಳು ಚಿಕ್ಕ ಗಲೀನಾ ನದಿಯೊಳಗೆ ಬಂದು ಊರಿನ ನಡುವೆಯೇ ನಿಲ್ಲುತ್ತಿದ್ದವು. ಆಮೇಲೆ ಮೇಲ್ಮೈ ಅದಿರು ಮುಗಿಯಿತು, ಗಣಿಯವರು ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಗೆ ಹೋದರು. ರೈಲು ಬಂದು ದೋಣಿ ವ್ಯಾಪಾರ ಕುಸಿಯಿತು, ನದಿ ಹೂಳು ತುಂಬಿಕೊಂಡಿತು. ಹಳೆಯದನ್ನು ಕೆಡವಿ ಹೊಸದು ಕಟ್ಟುವಷ್ಟು ದುಡ್ಡು ಊರಿನಲ್ಲಿ ಉಳಿಯಲಿಲ್ಲ. ಆ ಕಟ್ಟಡಗಳು ಇವತ್ತು ನಮ್ಮ ಕಣ್ಣಿಗೆ ಸಿಗುತ್ತಿರುವುದು ಅದಕ್ಕೇ.

ಇನ್ನೊಂದು ವಿಷಯ, ಅದು ಕಾಲಿಗೆ ಸಂಬಂಧಪಟ್ಟದ್ದು. ಇಲಿನಾಯ್ ಅಂದರೆ ರೊಟ್ಟಿ ಹೆಂಚಿನ ಹಾಗೆ ಚಪ್ಪಟೆ ಅಲ್ವಾ? ಈ ಮೂಲೆ ಮಾತ್ರ ಹಾಗಿಲ್ಲ. ಹಿಮಯುಗದಲ್ಲಿ ಉಳಿದ ನೆಲವನ್ನು ಬಹುಮಟ್ಟಿಗೆ ಸಮತಟ್ಟು ಮಾಡಿದ ಹಿಮನದಿಗಳು ಇಲ್ಲಿಗೆ ಬರಲೇ ಇಲ್ಲ. ಹಾಗಾಗಿ ಗುಡ್ಡಗಳು ಗುಡ್ಡಗಳಾಗಿಯೇ ಉಳಿದಿವೆ. ಊರು ಆ ಗುಡ್ಡದ ಮೈಮೇಲೆ ಮೆಟ್ಟಿಲಿನ ಹಾಗೆ ಕೂತಿದೆ. ಕೆಳಗೆ ನದಿ, ಅದರ ಮೇಲೆ ಮೇನ್ ಸ್ಟ್ರೀಟ್, ಅದರ ಮೇಲೆ ಬೆಂಚ್ ಸ್ಟ್ರೀಟ್, ಅದಕ್ಕೂ ಮೇಲೆ ಪ್ರಾಸ್ಪೆಕ್ಟ್ ಸ್ಟ್ರೀಟ್. ಒಂದು ಬೀದಿಯಿಂದ ಇನ್ನೊಂದಕ್ಕೆ ಉದ್ದುದ್ದ ಮೆಟ್ಟಿಲುಗಳು. ಮೊದಲ ಸಲ ನಾನು ಕೆಳಗೆ ಮೇನ್ ಸ್ಟ್ರೀಟಿನಲ್ಲಿ ಅಂಗಡಿ ಅಂಗಡಿ ಸುತ್ತಿದೆ. ಫಡ್ಜ್ ತಿಂದೆ. ಮೆಟ್ಟಿಲು ನೋಡಿ ಸುಸ್ತಾಗಿ ವಾಪಸ್ ಬಂದೆ. ಊರಿನ ಅರ್ಧ ನೋಡಲೇ ಇಲ್ಲ. ಜಾಸ್ತಿ ಜನ ಹೀಗೇ ಮಾಡುತ್ತಾರೆ. ನೀವು ಮೇಲಿನಿಂದ ಶುರು ಮಾಡಿ, ಇಳಿಯುತ್ತಾ ಬನ್ನಿ.

ಈ ಸಲ ಅತ್ತೆಯ ಮಂಡಿ ನೋವು ನೆನಪಿಟ್ಟುಕೊಂಡು ಹೀಗೆ ಮಾಡಿದೆವು. ಬೆಳಗ್ಗೆ ಆರೂವರೆಗೆ ಮನೆ ಬಿಟ್ಟು ಹತ್ತು ಗಂಟೆಗೆ ಮೊದಲು ನದಿಯ ಪೂರ್ವ ದಡಕ್ಕೆ ತಲುಪಿದೆವು. ಅಲ್ಲಿ 1857ರ ಹಳೆಯ ರೈಲು ನಿಲ್ದಾಣ ಇದೆ. ಈಗ ಅಲ್ಲಿ ರೈಲು ಹತ್ತುವವರು ಯಾರೂ ಇಲ್ಲ, ಪ್ರವಾಸಿಗರಿಗೆ ಮಾಹಿತಿ ಕೊಡುವ ಜಾಗ. ಮೊದಲು ಒಳಗೆ ಹೋಗಿ ನಕ್ಷೆ ತೆಗೆದುಕೊಳ್ಳಿ, ಬಾತ್‌ರೂಮ್ ಮುಗಿಸಿಕೊಳ್ಳಿ. ದೊಡ್ಡವರು, ಮಕ್ಕಳು ಜೊತೆಯಲ್ಲಿದ್ದರೆ ಇದನ್ನು ಮರೆಯಬೇಡಿ.

ಅದೇ ಬೀದಿಯಲ್ಲಿ ಏರು ಹತ್ತಿದರೆ, ಮುಂದೆ ಅಮೆರಿಕದ ಅಧ್ಯಕ್ಷರಾದ ಯುಲಿಸಿಸ್ ಗ್ರಾಂಟ್ ಮನೆ. ನಡೆಯಬೇಡಿ, ಕಾರಿನಲ್ಲೇ ಹೋಗಿ, ಕಾಲಿನ ಶಕ್ತಿ ಮುಂದಕ್ಕೆ ಬೇಕು. ಗ್ರಾಂಟ್ 1860ರಲ್ಲಿ ಈ ಊರಿಗೆ ಬಂದಾಗ ಸೈನ್ಯ ಬಿಟ್ಟು, ಬೇಸಾಯದಲ್ಲಿ ಕೈ ಸುಟ್ಟುಕೊಂಡು, ಅಪ್ಪನ ಚರ್ಮದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಮುಂದಿನ ವರ್ಷ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು, ಗ್ರಾಂಟ್ ಉತ್ತರದ ಸೈನ್ಯ ಸೇರಿದರು. 1865ರ ಆಗಸ್ಟ್‌ನಲ್ಲಿ ಯುದ್ಧ ಗೆದ್ದ ಸೇನಾಪತಿಯಾಗಿ ವಾಪಸ್ ಬಂದಾಗ ಊರಿನ ಪ್ರಮುಖರು ಈ ಇಟ್ಟಿಗೆ ಮನೆಯನ್ನು ಉಡುಗೊರೆಯಾಗಿ ಕೊಟ್ಟರು. ಅವರು ಅದನ್ನು ಕೊಂಡದ್ದು 2,500 ಡಾಲರಿಗೆ. ಮನೆಯಲ್ಲಿರುವ ಸಾಮಾನು ಬಹಳಷ್ಟು ಗ್ರಾಂಟ್ ಕುಟುಂಬದ್ದೇ. ಊಟದ ಮೇಜಿನ ಮುಂದೆ ಅತ್ತೆ ಸುಮ್ನೆ ನಿಂತುಬಿಟ್ಟರು. "ಯಾರೋ ಈಗ ತಾನೆ ಎದ್ದು ಹೋದ ಹಾಗಿದೆ ಅಲ್ವೇನಮ್ಮಾ" ಅಂದರು.

ಒಳಗೆ ಗೈಡ್ ಜೊತೆ ಗುಂಪಾಗಿ ಕಳಿಸುತ್ತಾರೆ, ಸ್ವಲ್ಪ ಕಾಯಬೇಕಾಗಬಹುದು. ಹೋಗುವ ಮುಂಚೆ ಯಾವ ದಿನ, ಎಷ್ಟು ಹೊತ್ತಿಗೆ ತೆರೆದಿರುತ್ತದೆ ಅಂತ ನೋಡಿಕೊಳ್ಳಿ. ಮೊದಲ ಸಲ ನಾನು ಸೋಮವಾರ ಹೋಗಿ, ನೋಡಬೇಕು ಅಂದುಕೊಂಡ ಎರಡು ಮನೆಗಳ ಮುಚ್ಚಿದ ಬಾಗಿಲು ನೋಡಿ ಬಂದೆ. ಚಿಕ್ಕ ಊರುಗಳಲ್ಲಿ ವಾರದ ಮೊದಲ ದಿನಗಳಲ್ಲಿ ಇದು ಮಾಮೂಲು. ಗುರುವಾರ, ಶುಕ್ರವಾರ ರಜೆ ಹಾಕಿ ಹೋದರೆ ಬಾಗಿಲೂ ತೆರೆದಿರುತ್ತದೆ, ಜನವೂ ಕಡಿಮೆ.

ಮಧ್ಯಾಹ್ನದ ಊಟಕ್ಕೆ ನಾವು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ನದಿ ದಡದಲ್ಲಿ ಗ್ರಾಂಟ್ ಪಾರ್ಕ್ ಇದೆ, ಮರದ ನೆರಳಿದೆ. ಸಸ್ಯಾಹಾರಿಗಳಿಗೆ ಇದೇ ಒಳ್ಳೆಯದು. ಊರಿನಲ್ಲಿ ಪಿಜ್ಜಾ, ಪಾಸ್ತಾ ಸಿಗುತ್ತದೆ, ಆದರೆ ದೊಡ್ಡವರಿಗೆ ಅನ್ನ ಬೇಕು.

ಊಟ ಆದ ಮೇಲೆ ಮುಖ್ಯ ನಡಿಗೆ. ಯಜಮಾನರು ನಮ್ಮ ಮೂವರನ್ನೂ ಪ್ರಾಸ್ಪೆಕ್ಟ್ ಸ್ಟ್ರೀಟಿನಲ್ಲಿ ಇಳಿಸಿ, ಕಾರನ್ನು ವಾಪಸ್ ಪೂರ್ವ ದಡದಲ್ಲಿ ನಿಲ್ಲಿಸಿ, ಕಾಲುಸೇತುವೆ ದಾಟಿ ಬೆಂಚ್ ಸ್ಟ್ರೀಟಿನಲ್ಲಿ ನಮ್ಮನ್ನು ಸೇರಿಕೊಂಡರು. ಡ್ರೈವ್ ಮಾಡುವವರು ಒಬ್ಬರಿದ್ದರೆ ಈ ಉಪಾಯ ಬಹಳ ಚೆನ್ನಾಗಿ ಆಗುತ್ತದೆ. ಮೇಲೆ ನಿಂತರೆ ಇಡೀ ಊರು ಕಾಲಡಿಗೆ ಕಾಣುತ್ತದೆ. ಇಟ್ಟಿಗೆ ಮನೆಗಳ ಚಾವಣಿ, ಹೊಗೆಗೂಡು, ಚರ್ಚುಗಳ ಗೋಪುರ, ಅವುಗಳ ಆಚೆ ನದಿ. ಚರ್ಮದ ಅಂಗಡಿಯ ದಿನಗಳಲ್ಲಿ ಗ್ರಾಂಟ್ ಬಾಡಿಗೆಗಿದ್ದದ್ದೂ ಇಷ್ಟೇ ಎತ್ತರದ ಹೈ ಸ್ಟ್ರೀಟಿನಲ್ಲಿ. ದಿನಾ ಮೆಟ್ಟಿಲಿಳಿದು ಅಂಗಡಿಗೆ ಹೋಗಿ, ಸಂಜೆ ಹತ್ತಿ ಬರಬೇಕಿತ್ತು. ಆ ಮನೆ ಈಗ ಖಾಸಗಿ, ಹೊರಗಿನಿಂದ ನೋಡಿ ಮುಂದೆ ಹೋಗಿ.

ಇಳಿಯುವಾಗ ಗುಡ್ಡಕ್ಕೆ ಒತ್ತಿಕೊಂಡಂತೆ ಕಟ್ಟಿದ ಗ್ರೇಸ್ ಎಪಿಸ್ಕೋಪಲ್ ಚರ್ಚ್ ಸಿಗುತ್ತದೆ, ಸುಣ್ಣಕಲ್ಲಿನದು. ಬೆಂಚ್ ಸ್ಟ್ರೀಟಿಗೆ ಬಂದರೆ 1838ರ ಪ್ರೆಸ್ಬಿಟೇರಿಯನ್ ಚರ್ಚ್, ಇನ್ನೂ ಮುಂದೆ ಕೌಂಟಿ ಕೋರ್ಟು. ಇದರ ಹಳೆಯ ಭಾಗ 1839ರದ್ದು. ಇಲ್ಲಿ ಇವತ್ತಿಗೂ ಕೋರ್ಟು ನಡೆಯುತ್ತದೆ. ಕೈಯಲ್ಲಿ ಫೈಲ್ ಹಿಡಿದವರು ಒಳಗೆ ಹೋಗುತ್ತಿದ್ದರು. ನನಗೆ ಈ ಊರಿನಲ್ಲಿ ಇಷ್ಟವಾದದ್ದು ಇದೇ. ಕಟ್ಟಡಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿಲ್ಲ, ಬಳಸುತ್ತಿದ್ದಾರೆ.

ಕೋರ್ಟಿನ ಕಡೆಯಿಂದ ಡಯಾಗನಲ್ ಸ್ಟ್ರೀಟಿಗೆ ಇಳಿದರೆ 1826ರ ಡೌಲಿಂಗ್ ಮನೆ. ಊರಿನಲ್ಲಿ ಉಳಿದಿರುವ ಅತಿ ಹಳೆಯ ಕಲ್ಲಿನ ಮನೆ. ವ್ಯಾಪಾರವೂ ಇಲ್ಲೇ, ವಾಸವೂ ಇಲ್ಲೇ. ಮಾವ ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತು ವರ್ಷ ಇಂಜಿನಿಯರ್ ಆಗಿದ್ದವರು. ಗೋಡೆಯ ಹತ್ತಿರ ಹೋಗಿ, ಕನ್ನಡಕ ತೆಗೆದು, ಕಲ್ಲು ಕಲ್ಲಿನ ಸಂದಿಯ ಗಾರೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿದರು. ಒಂದೂ ಕಲ್ಲು ಒಂದೇ ಅಳತೆಯದ್ದಲ್ಲ. ದೊಡ್ಡ ಕಲ್ಲುಗಳ ನಡುವೆ ಅಂಗೈಯಷ್ಟು ಚಿಕ್ಕ ಚಕ್ಕೆಗಳನ್ನು ಕೂರಿಸಿದ್ದರು. "ಕೆಲಸದವರು ಅವಸರದಲ್ಲಿ ಇರಲಿಲ್ಲ" ಅಂದರು.

ಮೇನ್ ಸ್ಟ್ರೀಟಿನ ಅಂಗಡಿಗಳ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ಬೀದಿ ಬಿಲ್ಲಿನ ಹಾಗೆ ಬಾಗಿದೆ, ಎರಡೂ ಕಡೆ ಇಟ್ಟಿಗೆ ಕಟ್ಟಡಗಳು ಭುಜಕ್ಕೆ ಭುಜ ಕೊಟ್ಟು ನಿಂತಿವೆ. ಅಂಗಡಿಯ ಕಿಟಕಿ ಬಿಟ್ಟು ಮೇಲಿನ ಮಹಡಿ ನೋಡುತ್ತಾ ನಡೆಯಿರಿ. ಹಳೆಯ ಕೆಲಸ ಉಳಿದಿರುವುದು ಅಲ್ಲಿ. ಪಕ್ಕದ ಕಾಮರ್ಸ್ ಸ್ಟ್ರೀಟಿನಲ್ಲಿ 1845-46ರಲ್ಲಿ ಕಟ್ಟಿದ ಮಾರ್ಕೆಟ್ ಹೌಸ್ ಇದೆ. ಸಂತೆ 1910ರವರೆಗೆ ಅಲ್ಲಿ ನಡೆಯುತ್ತಿತ್ತು.

ಡಿಸೋಟೋ ಹೌಸ್ ಹೋಟೆಲಿನೊಳಗೆ ಹೋಗಿ ಸ್ವಲ್ಪ ಕುಳಿತುಕೊಳ್ಳಿ, ಕಾಫಿ ಕುಡಿಯಿರಿ. 1855ರಲ್ಲಿ ಶುರುವಾದ ಹೋಟೆಲು. 1856ರ ಜುಲೈನಲ್ಲಿ ಅಬ್ರಹಾಂ ಲಿಂಕನ್ ಇದರ ಬಾಲ್ಕನಿಯಿಂದ ಭಾಷಣ ಮಾಡಿದ್ದರು. ಆಗಿನ್ನೂ ಅವರು ಅಧ್ಯಕ್ಷರಲ್ಲ. ಕಟ್ಟಡಕ್ಕೆ ಮೊದಲು ಐದು ಅಂತಸ್ತು ಇತ್ತು, ಈಗ ಮೂರು. ಊರಿನ ವ್ಯಾಪಾರ ಬಿದ್ದ ಮೇಲೆ ಮೇಲಿನ ಎರಡನ್ನು ತೆಗೆದುಬಿಟ್ಟರು.

ಇನ್ನು ಗ್ರೀನ್ ಸ್ಟ್ರೀಟಿನ ಪೋಸ್ಟಾಫೀಸು. ಹೋಟೆಲಿನ ಹತ್ತಿರವೇ ಇದೆ. ಎಲ್ಲರೂ ಪಕ್ಕದಲ್ಲಿ ಹಾದು ಹೋಗುತ್ತಾರೆ, ಒಳಗೆ ಹೋಗುವವರು ಕಡಿಮೆ. ಗಲೀನಾದಲ್ಲಿ ಒಂದೇ ಒಂದು ಕಟ್ಟಡ ನೋಡುವಷ್ಟು ಸಮಯ ಇದ್ದರೆ ಇದನ್ನೇ ನೋಡಿ ಅನ್ನುತ್ತೇನೆ. ದೋಣಿಗಳು ಬರುತ್ತಿದ್ದ ಕಾಲದಲ್ಲಿ ಕೇಂದ್ರ ಸರ್ಕಾರ ಇಲ್ಲಿ ಸುಂಕದ ಕಟ್ಟೆ ಮತ್ತು ಅಂಚೆ ಕಚೇರಿ ಎರಡನ್ನೂ ಒಟ್ಟಿಗೆ ಕಟ್ಟಿಸಿತು. 1857ರಿಂದ ಎರಡು ವರ್ಷ ಕೆಲಸ ನಡೆಯಿತು. ಅದರ ಉಸ್ತುವಾರಿಗೆ ಬಂದವರು ಈಲಿ ಪಾರ್ಕರ್, ಸೆನೆಕಾ ಅನ್ನುವ ಮೂಲ ಜನಾಂಗದವರು. ಅವರು ಕಾನೂನು ಓದಿದ್ದರು. ಆದರೆ ಮೂಲ ಜನರನ್ನು ಆಗ ಅಮೆರಿಕದ ನಾಗರಿಕರೆಂದು ಒಪ್ಪುತ್ತಿರಲಿಲ್ಲ, ಹಾಗಾಗಿ ವಕೀಲಿ ಮಾಡಲು ಬಿಡಲಿಲ್ಲ. ಆಮೇಲೆ ಇಂಜಿನಿಯರಿಂಗ್ ಕಲಿತರು. ಈ ಊರಿನಲ್ಲಿದ್ದ ದಿನಗಳಲ್ಲೇ ಚರ್ಮದ ಅಂಗಡಿಯ ಗ್ರಾಂಟ್ ಪರಿಚಯವಾಯಿತು, ಸ್ನೇಹವಾಯಿತು. 1865ರ ಏಪ್ರಿಲ್ 9ರಂದು ವರ್ಜೀನಿಯಾದ ಅಪೊಮ್ಯಾಟಾಕ್ಸ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಗ್ರಾಂಟ್‌ಗೆ ಶರಣಾದಾಗ, ಶರಣಾಗತಿಯ ಷರತ್ತುಗಳ ಪ್ರತಿಯನ್ನು ಅಂದವಾದ ಅಕ್ಷರದಲ್ಲಿ ಬರೆದದ್ದು ಇದೇ ಪಾರ್ಕರ್. ಮಾವನಿಗೆ ಇದನ್ನು ಹೇಳಿದಾಗ ಅವರು ಮತ್ತೆ ಹೊರಗೆ ಬಂದು, ರಸ್ತೆಯ ಆಚೆ ಬದಿಗೆ ಹೋಗಿ, ಕಟ್ಟಡವನ್ನು ಪೂರ್ತಿ ನೋಡಿದರು. ಅತ್ತೆ ಒಳಗೆ ಸಾಲಿನಲ್ಲಿ ನಿಂತು ಹಾಸನದ ನಾದಿನಿಗೆ ಒಂದು ಪಿಕ್ಚರ್ ಪೋಸ್ಟ್‌ಕಾರ್ಡ್ ಹಾಕಿದರು. ನೀವೂ ಹಾಕಿ. ಕಾರ್ಡು ಮೇನ್ ಸ್ಟ್ರೀಟಿನ ಅಂಗಡಿಗಳಲ್ಲಿ ಸಿಗುತ್ತದೆ.

ಮೇನ್ ಸ್ಟ್ರೀಟಿನ ದಕ್ಷಿಣದ ತುದಿಯಲ್ಲಿ ದೊಡ್ಡ ಕಬ್ಬಿಣದ ಗೇಟುಗಳಿವೆ, ಪ್ರವಾಹ ತಡೆಯಲು 1951ರಲ್ಲಿ ಹಾಕಿದ್ದು. ಹೊಳೆ ಉಕ್ಕಿದರೆ ಬೀದಿಯನ್ನೇ ಬಾಗಿಲಿನ ಹಾಗೆ ಮುಚ್ಚುತ್ತಾರೆ. ಮಾವನನ್ನು ಅಲ್ಲಿಂದ ಎಬ್ಬಿಸಿಕೊಂಡು ಬರಲು ಇಪ್ಪತ್ತು ನಿಮಿಷ ಬೇಕಾಯಿತು.

ಇಡೀ ನಡಿಗೆಗೆ ನಿಧಾನವಾಗಿ, ಕೂತು ಎದ್ದು, ಮೂರು ಗಂಟೆ ಸಾಕು. ಕಾಲಿಗೆ ಒಳ್ಳೆಯ ಹಿಡಿತದ ಶೂ ಇರಲಿ, ಚಪ್ಪಲಿ ಬೇಡ. ಮೆಟ್ಟಿಲಿನ ಕಡೆ ದೊಡ್ಡವರನ್ನು ಪಕ್ಕದ ಕಂಬಿ ಹಿಡಿಸಿಯೇ ಇಳಿಸಿ. ದೊಡ್ಡವರನ್ನು ಚಳಿಗಾಲದಲ್ಲಿ ಕರೆದುಕೊಂಡು ಹೋಗಬೇಡಿ, ಮಂಜು ಗಟ್ಟಿದ ಮೆಟ್ಟಿಲು ಅಪಾಯ. ಅಕ್ಟೋಬರಿನಲ್ಲಿ ಎಲೆಗಳ ಬಣ್ಣ ಚೆನ್ನ, ಆದರೆ ಶನಿವಾರ ಭಾನುವಾರ ಪಾರ್ಕಿಂಗ್ ಸಿಗುವುದು ಕಷ್ಟ. ಮೇ, ಸೆಪ್ಟೆಂಬರ್ ನನ್ನ ಪ್ರಕಾರ ಸರಿಯಾದ ತಿಂಗಳುಗಳು.

ವಾಪಸ್ ಬರುವ ರಸ್ತೆ ಗುಡ್ಡದ ಅಂಕುಡೊಂಕು, ರಾತ್ರಿ ಜಿಂಕೆಗಳು ಅಡ್ಡ ಬರುತ್ತವೆ. ಕತ್ತಲಾಗುವ ಮುಂಚೆ ಹೊರಡಿ. ಊರು ಬಿಟ್ಟ ಸ್ವಲ್ಪ ಹೊತ್ತಿಗೇ ಹಾರ್ಸ್‌ಶೂ ಮೌಂಡ್ ಅಂತ ಒಂದು ಎತ್ತರದ ಜಾಗ ಸಿಗುತ್ತದೆ. ಅಲ್ಲಿ ಹದಿನೈದು ನಿಮಿಷ ನಿಲ್ಲಿಸಿ. ನಾವು ನಿಂತಾಗ ಬಿಸಿಲು ಇಳಿಯುತ್ತಿತ್ತು. ಅತ್ತೆ ಕೈ ಅಡ್ಡ ಹಿಡಿದುಕೊಂಡು ಊರಿನ ಗೋಪುರಗಳನ್ನು ಒಂದೊಂದಾಗಿ ಗುರುತು ಹಿಡಿಯುತ್ತಾ, "ನಾವು ಇಳಿದದ್ದು ಆ ಕಡೆಯಿಂದ ಅಲ್ವಾ?" ಅಂತ ಮಾವನನ್ನು ಕೇಳುತ್ತಿದ್ದರು.